ಹೊಟ್ಟೆ ತುಂಬುವ ಸೂಪ್: ರಾತ್ರಿ ಊಟಕ್ಕೆ ಒಂದೇ ಬಟ್ಟಲು ಸಾಕಾಗುವಂತೆ ಮಾಡುವುದು ಹೇಗೆ?

"ರಾತ್ರಿ ಸೂಪ್ ಕುಡಿದು ಮಲಗಿದರೆ ಹನ್ನೊಂದು ಗಂಟೆಗೆಲ್ಲ ಹಸಿವು, ಏನು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ಮನೆಯಲ್ಲಿ ಸಾರು ಇದ್ದೇ ಇರುತ್ತದಲ್ಲ, ಅದನ್ನೇ ಬಟ್ಟಲಿಗೆ ಬಡಿಸಿಕೊಂಡು ಕುಡಿದರೆ ಆಗುವುದಿಲ್ಲವೇ?" ಎರಡಕ್ಕೂ ಒಟ್ಟಿಗೆ ಉತ್ತರ ಕೊಟ್ಟು, ಆಮೇಲೆ ಒಂದು ಸೂಪನ್ನು ಮೊದಲಿಂದ ಕೊನೆಯವರೆಗೆ ಮಾಡೋಣ.

ಹಸಿವಾಗುವುದಕ್ಕೆ ಕಾರಣ ಸರಳ. ಹೋಟೆಲಿನಲ್ಲಿ ಊಟಕ್ಕೆ ಮುಂಚೆ ಕೊಡುವ ಸೂಪಿನ ಕೆಲಸ ಹಸಿವು ಕೆರಳಿಸುವುದು, ತಣಿಸುವುದಲ್ಲ. ಅದರಲ್ಲಿರುವುದು ತರಕಾರಿ ಬೆಂದ ನೀರು, ನಾಲ್ಕು ಚೂರು ಕ್ಯಾರೆಟ್, ಮಂದವಾಗಲು ಎರಡು ಚಮಚ ಕಾರ್ನ್ ಫ್ಲೋರ್. ಕಾರ್ನ್ ಫ್ಲೋರ್ ಅಂದರೆ ಮೆಕ್ಕೆಜೋಳದಿಂದ ತೆಗೆದ ಬರೀ ಪಿಷ್ಟ. ಅದು ಸೂಪನ್ನು ದಪ್ಪ ಮಾಡುತ್ತದೆ, ಹೊಟ್ಟೆಗೆ ಆಧಾರ ಕೊಡುವುದಿಲ್ಲ. ಮನೆಯಲ್ಲೂ ಅದೇ ಅಳತೆಯಲ್ಲಿ ಮಾಡಿ, ಅದನ್ನೇ ಊಟ ಅಂದುಕೊಂಡರೆ ಹಸಿವಾಗದೆ ಇರುವುದಿಲ್ಲ.

ಸಾರಿನ ವಿಷಯ ಬೇರೆ. ನಮ್ಮ ಸಾರು ಅನ್ನಕ್ಕೋ ಮುದ್ದೆಗೋ ಕಲಸಿಕೊಳ್ಳಲೆಂದೇ ಇರುವುದು. ಸಪ್ಪೆ ಅನ್ನಕ್ಕೂ ಸಾಕಾಗುವಷ್ಟು ಉಪ್ಪು, ಹುಳಿ, ಖಾರ ಅದರಲ್ಲಿ ಇರಲೇಬೇಕು. ಅದನ್ನೇ ಬಟ್ಟಲು ತುಂಬ ಕುಡಿಯಲು ಕೂತರೆ ನಾಲ್ಕನೇ ಚಮಚಕ್ಕೆ ನಾಲಿಗೆ ಸೋಲುತ್ತದೆ, ಉಪ್ಪೂ ಮಿತಿಮೀರಿ ಒಳಗೆ ಹೋಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಸಾರೂ ಅಲ್ಲ, ಸೂಪೂ ಅಲ್ಲ. ಹಾಗಾಗಿ ಊಟದ ಸೂಪಿಗೆ ಎರಡು ಲೆಕ್ಕ ಇಟ್ಟುಕೊಳ್ಳಿ. ಒಂದು, ಬಟ್ಟಲಿನಲ್ಲಿ ಕಾಳು ಅಥವಾ ಬೇಳೆ, ಸ್ವಲ್ಪ ಧಾನ್ಯ, ಧಾರಾಳ ತರಕಾರಿ, ಮೂರೂ ಇರಬೇಕು. ಎರಡು, ಉಪ್ಪು ಹುಳಿ ಖಾರ ಮೂರೂ ಸಾರಿಗಿಂತ ಒಂದು ಹದ ಕಡಿಮೆ ಇರಬೇಕು.

ಸೂಪನ್ನೇ ಊಟವಾಗಿ ಉಣ್ಣುವ ನಾಡುಗಳಲ್ಲಿ ನೋಡಿದರೂ ಇದೇ ಕಾಣುತ್ತದೆ. ಮೊರಾಕ್ಕೊದಲ್ಲಿ ರಂಜಾನ್ ಉಪವಾಸ ಬಿಡುವಾಗ ಕುಡಿಯುವ ಹರೀರಾದಲ್ಲಿ ಕಡಲೆಕಾಳು, ಮಸೂರ, ಟೊಮೆಟೊ ಇರುತ್ತವೆ. ಇಟಲಿಯ ಮಿನೆಸ್ಟ್ರೋನೆಯಲ್ಲಿ ಬೀನ್ಸ್ ಕಾಳು, ಋತುವಿಗೆ ಸಿಕ್ಕ ತರಕಾರಿ, ಜೊತೆಗೆ ಪಾಸ್ತಾ ಅಥವಾ ಅಕ್ಕಿ. ನಮ್ಮ ಬೈಲಕುಪ್ಪೆಯ ಟಿಬೆಟನ್ ಹೋಟೆಲುಗಳಲ್ಲಿ ಒಂದು ಬಟ್ಟಲು ಥುಕ್ಪಾ ಉಂಡವರು ಅದರ ಮೇಲೆ ಇನ್ನೇನೂ ಕೇಳುವುದಿಲ್ಲ. ರಸದ ಒಳಗೇ ನೂಡಲ್ಸು, ತರಕಾರಿ, ಮಾಂಸ ಎಲ್ಲ ಇರುತ್ತದೆ.

ಇಲ್ಲಿ ನಾನು ಹುರುಳಿಕಾಳನ್ನು ಆರಿಸಿಕೊಂಡಿದ್ದೇನೆ. ಬೆಲೆ ಕಡಿಮೆ, ಎಲ್ಲ ಊರಲ್ಲೂ ಸಿಗುತ್ತದೆ, ಬೆಂದರೂ ಕರಗಿಹೋಗದೆ ಬಾಯಿಗೆ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಕಟ್ಟು. ಬಸ್ಸಾರು ಮಾಡುವ ಮನೆಗಳಿಗೆ ಕಟ್ಟು ಅಂದರೇನು ಎಂದು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ, ಅದು ಕಾಳು ಬೆಂದ ನೀರು. ಪಾಶ್ಚಾತ್ಯ ಅಡುಗೆಯಲ್ಲಿ ಎಲುಬನ್ನೋ ತರಕಾರಿಯನ್ನೋ ಗಂಟೆಗಟ್ಟಲೆ ಕುದಿಸಿ, ಸೋಸಿ ರಸ ತೆಗೆಯುತ್ತಾರೆ, ಅದಕ್ಕೆ ಸ್ಟಾಕ್ ಎನ್ನುತ್ತಾರೆ. ಹುರುಳಿ ಕಟ್ಟು ಇದ್ದರೆ ನಮಗೆ ಬೇರೆ ಸ್ಟಾಕ್ ಬೇಡ, ಅಂಗಡಿಯ ಸೂಪ್ ಕ್ಯೂಬಂತೂ ಬೇಡವೇ ಬೇಡ. ಆ ಕ್ಯೂಬಿನಲ್ಲಿ ಮುಖ್ಯವಾಗಿ ಇರುವುದು ಉಪ್ಪು.

ನಾಲ್ಕು ಜನಕ್ಕೆ ಬೇಕಾಗುವ ಸಾಮಾನು

(1 ಕಪ್ ಎಂದರೆ 240 ಮಿ.ಲೀ.)

- ಹುರುಳಿಕಾಳು: 1 ಕಪ್, ಸುಮಾರು 200 ಗ್ರಾಂ
- ನವಣೆ ಅಥವಾ ಬಾರ್ಲಿ: ಕಾಲು ಕಪ್‌ಗಿಂತ ತುಸು ಹೆಚ್ಚು, 60 ಗ್ರಾಂ
- ಈರುಳ್ಳಿ: ದೊಡ್ಡದು 2
- ಬೆಳ್ಳುಳ್ಳಿ 8 ಎಸಳು, ಶುಂಠಿ ಒಂದು ಇಂಚು
- ಹಣ್ಣಾದ ಟೊಮೆಟೊ: 3
- ಕ್ಯಾರೆಟ್ 2, ಗೆಡ್ಡೆಕೋಸು 1, ಬೀನ್ಸ್ ಒಂದು ಹಿಡಿ, ಸಿಹಿಗುಂಬಳ 150 ಗ್ರಾಂ
- ನುಗ್ಗೆ ಸೊಪ್ಪು ಅಥವಾ ದಂಟಿನ ಸೊಪ್ಪು: ಬಿಡಿಸಿದ್ದು ಎರಡು ಹಿಡಿ
- ಎಣ್ಣೆ: 2 ದೊಡ್ಡ ಚಮಚ
- ಕಾಳುಮೆಣಸು 1 ಚಹಾ ಚಮಚ, ಜೀರಿಗೆ 1 ಚಹಾ ಚಮಚ, ಕೊತ್ತಂಬರಿ ಬೀಜ 1 ದೊಡ್ಡ ಚಮಚ
- ಉಪ್ಪು ಒಂದೂವರೆ ಚಹಾ ಚಮಚ, ನಿಂಬೆಹಣ್ಣು 1
- ಕೊನೆಗೆ: ತುಪ್ಪ 2 ಚಹಾ ಚಮಚ, ಹೆಚ್ಚಿದ ಕೊತ್ತಂಬರಿ ಸೊಪ್ಪು

ಒಬ್ಬೊಬ್ಬರಿಗೆ ಅರ್ಧ ಲೀಟರಿನಷ್ಟು ಸೂಪು ಬರುತ್ತದೆ. ಕಾಳು ಮತ್ತು ಧಾನ್ಯದಿಂದ ಒಂದು ಬಟ್ಟಲಿಗೆ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಂದು ಬೇಯಿಸಿದ ಮೊಟ್ಟೆ ಸೇರಿದರೆ ಇನ್ನು 6 ಗ್ರಾಂ. ಮೈಮುರಿದು ದುಡಿಯುವವರಿಗೆ, ಬೆಳೆಯುವ ಮಕ್ಕಳಿಗೆ ಮೊಟ್ಟೆಯನ್ನೋ ಪಕ್ಕಕ್ಕೊಂದು ರಾಗಿ ರೊಟ್ಟಿಯನ್ನೋ ಸೇರಿಸಿ. ಅವರಿಗೆ ಸೂಪ್ ಒಂದೇ ಸಾಲದು.

1. ಹಿಂದಿನ ರಾತ್ರಿ: ಆರಿಸುವುದು, ನೆನೆಹಾಕುವುದು

ಹುರುಳಿಯಲ್ಲಿ ಅದರದೇ ಬಣ್ಣದ ಸಣ್ಣ ಕಲ್ಲುಗಳು ಇರುತ್ತವೆ. ತಟ್ಟೆಯಲ್ಲಿ ಹರಡಿ ಆರಿಸಿದರೂ ಕಣ್ತಪ್ಪುತ್ತವೆ. ಆದ್ದರಿಂದ ನೀರಿನಲ್ಲಿ ಜಾಲಿಸಿ: ಅಗಲ ಪಾತ್ರೆಯಲ್ಲಿ ಕಾಳು ಮುಳುಗುವಷ್ಟು ನೀರು ಹಾಕಿ, ಪಾತ್ರೆಯನ್ನು ಓಲಾಡಿಸುತ್ತಾ ಕಾಳನ್ನು ನೀರಿನ ಜೊತೆ ಸ್ವಲ್ಪಸ್ವಲ್ಪವಾಗಿ ಇನ್ನೊಂದು ಪಾತ್ರೆಗೆ ಹರಿಯಬಿಡಿ. ಕಲ್ಲು ಭಾರಕ್ಕೆ ತಳದಲ್ಲೇ ಉಳಿಯುತ್ತದೆ. ಅವಸರದಲ್ಲಿ ಈ ಕೆಲಸ ಬಿಡಬೇಡಿ, ಹಲ್ಲಿಗೆ ಒಂದು ಕಲ್ಲು ಸಿಕ್ಕರೆ ಇಡೀ ಊಟ ಕೆಡುತ್ತದೆ.

ಎಂಟರಿಂದ ಹತ್ತು ಗಂಟೆ ನೆನೆಯಲಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳು ತೊಳೆದು, ಬಸಿದು ಫ್ರಿಜ್‌ನಲ್ಲಿಟ್ಟು ಹೋದರೆ ಸಂಜೆ ಬಂದು ಬೇಯಿಸಬಹುದು. ಹುರುಳಿಯ ಮಣ್ಣಿನಂಥ ವಾಸನೆ ಮಕ್ಕಳಿಗೆ ಹಿಡಿಸದಿದ್ದರೆ, ನೆನೆಹಾಕುವ ಮೊದಲು ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬೆಚ್ಚಗೆ ಹುರಿದುಕೊಳ್ಳಿ. ಘಮ ಬರಬೇಕು, ಕಪ್ಪಗಾಗಬಾರದು.

2. ಕಾಳು ಬೇಯಿಸಿ ಕಟ್ಟು ತೆಗೆಯುವುದು

ನೆನೆದ ಕಾಳಿಗೆ 4 ಕಪ್ ನೀರು ಹಾಕಿ ಕುಕ್ಕರಿಗೆ ಇಡಿ. ಬಾರ್ಲಿ ಬಳಸುವವರು ತೊಳೆದು ಇದರ ಜೊತೆಗೇ ಹಾಕಿ, ಅದಕ್ಕೂ ಇಷ್ಟೇ ಬೇಯಬೇಕು. ನವಣೆ ಈಗ ಬೇಡ, ಕುಕ್ಕರಿನಲ್ಲಿ ಅದು ಕರಗಿ ಗಂಜಿಯಾಗಿಬಿಡುತ್ತದೆ. ಬೇರೆ ಬಟ್ಟಲಲ್ಲಿ ನೆನೆಯಲು ಇಡಿ.

ಐದಾರು ವಿಶಲ್ ಆದ ಮೇಲೆ ಉರಿ ಸಣ್ಣಗೆ ಮಾಡಿ ಹದಿನೈದು ನಿಮಿಷ ಬಿಡಿ. ಒತ್ತಡ ತಾನಾಗಿ ಇಳಿಯಲಿ. ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಅದುಮಿ ನೋಡಿ: ಒಳಗೆ ಗಟ್ಟಿ ಬಿಂದು ಸಿಗದೆ ನುಣ್ಣಗೆ ಹಿಸುಕಿದಂತಾದರೆ ಬೆಂದಿದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಟೊಮೆಟೊ ಅಥವಾ ಹುಣಸೆಹುಳಿಯನ್ನು ಕಾಳಿನ ಜೊತೆಯಲ್ಲೇ ಹಾಕುವುದು. ಹುಳಿ ಇದ್ದಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬುವವರ ಸೂಪಿನಲ್ಲಿ ತರಕಾರಿ ಪೇಸ್ಟಾಗಿ ಕಾಳು ಮಾತ್ರ ಕಚಕಚ ಎನ್ನುವುದು ಇದಕ್ಕೇ. ಎರಡನೆಯದು ನೀರು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಎಷ್ಟು ಕೂಗಿಸಿದರೂ ಕಾಳು ಬೇಯುತ್ತಿಲ್ಲ ಅಂದರೆ ನೆನೆಹಾಕಲು, ಬೇಯಿಸಲು ಫಿಲ್ಟರ್ ನೀರನ್ನೇ ಬಳಸಿ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸ ಬೇಡ. ಅದು ಕಾಳಿನ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ರುಚಿಯನ್ನೂ ಕೆಡಿಸುತ್ತದೆ. ಮೂರನೆಯದು ಕುಕ್ಕರನ್ನು ತುಂಬಿಬಿಡುವುದು. ಕಾಳು ಬೇಯುವಾಗ ನೊರೆ ಏಳುತ್ತದೆ, ನೊರೆಯ ಜೊತೆ ಬಂದ ಸಿಪ್ಪೆ ವಿಶಲ್‌ನ ರಂಧ್ರ ಮುಚ್ಚಬಹುದು. ಕಾಳು ನೀರು ಎಲ್ಲ ಸೇರಿ ಅರ್ಧ ಕುಕ್ಕರ್ ಮೀರಬಾರದು.

ಬಸ್ಸಾರಿನಲ್ಲಾದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಇಲ್ಲಿ ಎರಡೂ ಒಂದೇ ಬಟ್ಟಲಿಗೆ. ಈಗ ಸದ್ಯಕ್ಕೆ ಬಸಿದು ಬೇರೆಬೇರೆ ಇಟ್ಟುಕೊಳ್ಳಿ, ಮುಂದಿನ ಹಂತಗಳಿಗೆ ಹಾಗೆ ಬೇಕು.

3. ಪುಡಿ

ಮೆಣಸು, ಜೀರಿಗೆ, ಕೊತ್ತಂಬರಿ ಬೀಜವನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಸಾರಿನ ಪುಡಿ, ಗರಂ ಮಸಾಲೆ ಯಾವುದೂ ಬೇಡ. ಅವು ಬಂದರೆ ನಾಲಿಗೆ ಅನ್ನ ಕೇಳಲು ಶುರುಮಾಡುತ್ತದೆ.

4. ಈರುಳ್ಳಿ: ಸೂಪಿನ ರುಚಿ ನಿಲ್ಲುವುದು ಇಲ್ಲಿ

ನನ್ನ ಮಟ್ಟಿಗೆ ಇಡೀ ಅಡುಗೆಯಲ್ಲಿ ಅತಿ ಮುಖ್ಯವಾದ ಹಂತ ಇದು, ಜನ ಅತಿ ಬೇಗ ಮುಗಿಸುವುದೂ ಇದನ್ನೇ.

ದಪ್ಪ ತಳದ ಅಗಲ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಎರಡು ಚಿಟಿಕೆ ಉಪ್ಪು ಹಾಕಿ. ಉಪ್ಪು ಬಿದ್ದರೆ ಈರುಳ್ಳಿ ನೀರು ಬಿಡುತ್ತದೆ, ಸೀಯುವುದಿಲ್ಲ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಮೊದಲ ಐದು ನಿಮಿಷ ಬರೀ ಆವಿ, ಈರುಳ್ಳಿ ಗಾಜಿನಂತಾಗುತ್ತದೆ, ಘಾಟು ಇನ್ನೂ ಇರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸಿ ನೀರು ಸುರಿಯುತ್ತಾರೆ, ಆಮೇಲೆ ಸೂಪಿನಲ್ಲಿ ಹಸಿ ಈರುಳ್ಳಿಯ ವಾಸನೆ ಎನ್ನುತ್ತಾರೆ. ಇನ್ನೂ ಏಳೆಂಟು ನಿಮಿಷ ತಾಳ್ಮೆ ಬೇಕು. ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ, ಸದ್ದು ಬದಲಾಗುತ್ತದೆ: ಬುಸಬುಸ ಎನ್ನುತ್ತಿದ್ದದ್ದು ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಘಾಟು ಹೋಗಿ ಸಿಹಿ ವಾಸನೆ ಬರುತ್ತದೆ. ಪಾತ್ರೆಯ ತಳಕ್ಕೆ ಕಂದು ಪದರವೊಂದು ಅಂಟಲು ಶುರುವಾಗುತ್ತದೆ. ಅದನ್ನು ಕಂಡು ಹೆದರಬೇಡಿ, ರುಚಿ ಇರುವುದೇ ಅದರಲ್ಲಿ. ಅರ್ಧ ಸೌಟು ಹುರುಳಿ ಕಟ್ಟು ಹಾಕಿ ಮರದ ಸೌಟಿನಿಂದ ತಳ ಕೆರೆಯಿರಿ, ಪದರವೆಲ್ಲ ಕರಗಿ ಈರುಳ್ಳಿಗೆ ಹತ್ತುತ್ತದೆ. ನೀರು ಆರಿ ಮತ್ತೆ ಅಂಟತೊಡಗಿದರೆ ಇನ್ನೊಮ್ಮೆ ಹಾಗೇ ಮಾಡಿ. ಆದರೆ ಪದರ ಕಪ್ಪಾಗಿ ಕಮರಿದ ವಾಸನೆ ಬಂದಿದ್ದರೆ ಕೆರೆಯಬೇಡಿ. ಮೇಲಿನ ಈರುಳ್ಳಿಯನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದುಕೊಂಡು ಮುಂದುವರಿಸಿ. ಕಹಿ ಒಮ್ಮೆ ಸೇರಿದರೆ ಯಾವುದರಿಂದಲೂ ಹೋಗುವುದಿಲ್ಲ.

ಈಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ ಒಂದು ನಿಮಿಷ. ಮೇಲೆ ಕುಟ್ಟಿದ ಪುಡಿಯಲ್ಲಿ ಮುಕ್ಕಾಲು ಪಾಲು ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಮಸಾಲೆಯ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ, ನೀರು ಹಾಕಿದ ಮೇಲೆ ಹಾಕಿದರೆ ಪುಡಿ ತೇಲುತ್ತದೆ ಅಷ್ಟೆ. ಆಮೇಲೆ ಹೆಚ್ಚಿದ ಟೊಮೆಟೊ. ಅದು ಕರಗಿ, ಗೊಜ್ಜಿನಂತೆ ಗಟ್ಟಿಯಾಗಿ, ಬದಿಯಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿ. ಹಣ್ಣು ಟೊಮೆಟೊದಲ್ಲಿ ಗ್ಲುಟಮೇಟ್ ಎಂಬ ಅಂಶ ಸಹಜವಾಗಿಯೇ ಇದೆ, ಮಾಂಸದ ಸಾರಿಗೆ ಇರುವಂಥ ತುಂಬಿದ ರುಚಿ ಕೊಡುವುದು ಅದೇ. ಹೀಗೆ ಬತ್ತಿಸಿದಾಗ ಆ ರುಚಿ ಗಟ್ಟಿಗೊಳ್ಳುತ್ತದೆ. ಅಣಬೆಯಲ್ಲೂ ಅದಿದೆ, ಸಿಕ್ಕರೆ ನಾಲ್ಕು ಹೆಚ್ಚಿ ಟೊಮೆಟೊಗಿಂತ ಮೊದಲು ಹುರಿದು ಸೇರಿಸಿ.

5. ತರಕಾರಿಗೆ ಸರದಿ

ಎಲ್ಲ ತರಕಾರಿಯನ್ನೂ ಚಮಚದಲ್ಲಿ ಹಿಡಿಯುವ ಗಾತ್ರಕ್ಕೆ ಹೆಚ್ಚಿ. ಮೊದಲು ಗಟ್ಟಿ ಜಾತಿಯವು, ಅಂದರೆ ಕ್ಯಾರೆಟ್, ಗೆಡ್ಡೆಕೋಸು. ಜೊತೆಗೆ ನೆನೆದ ನವಣೆ, ಉಳಿದ ಉಪ್ಪಿನಲ್ಲಿ ಅರ್ಧ, ಎರಡು ಕಪ್ ಬಿಸಿನೀರು. ಮುಚ್ಚಳ ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಆಮೇಲೆ ಬೀನ್ಸ್, ಸಿಹಿಗುಂಬಳ, ಇನ್ನೆಂಟು ನಿಮಿಷ. ಹೀರೆಕಾಯಿ, ಸೋರೆಕಾಯಿ ಹಾಕುವವರು ಇನ್ನೂ ತಡವಾಗಿ ಹಾಕಿ. ಬೀಟ್‌ರೂಟ್ ಬೇಡ, ಎಲ್ಲವನ್ನೂ ಒಂದೇ ಬಣ್ಣ, ಒಂದೇ ಸಿಹಿ ಮಾಡಿಬಿಡುತ್ತದೆ. ಹಾಗಲಕಾಯಿಯೂ ಬೇಡ.

ನಡುನಡುವೆ ತಳ ಮುಟ್ಟುವಂತೆ ಕೈಯಾಡಿಸಿ, ನವಣೆ ತಳ ಹಿಡಿಯುವ ಸ್ವಭಾವದ್ದು.

6. ಮಂದ ಮಾಡುವುದು

ಬೆಂದ ಕಾಳಿನಲ್ಲಿ ಎರಡು ಸೌಟಿನಷ್ಟು ತೆಗೆದು, ಸ್ವಲ್ಪ ಕಟ್ಟಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಈ ಹಿಟ್ಟು, ಉಳಿದ ಇಡೀ ಕಾಳು, ಉಳಿದ ಕಟ್ಟು ಮೂರನ್ನೂ ಮಿಕ್ಕ ಉಪ್ಪಿನ ಜೊತೆ ಪಾತ್ರೆಗೆ ಸೇರಿಸಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಕಾರ್ನ್ ಫ್ಲೋರ್ ಮಾಡುವ ಕೆಲಸವನ್ನು ಕಾಳೇ ಮಾಡುತ್ತದೆ, ಅದೂ ಸತ್ವದ ಜೊತೆ. ಎಲ್ಲವನ್ನೂ ರುಬ್ಬಿಬಿಡಬೇಡಿ. ಜಗಿಯಲು ಏನಾದರೂ ಇದ್ದರೆ ನಿಧಾನವಾಗಿ ಉಣ್ಣುತ್ತೇವೆ, ಉಂಡ ತೃಪ್ತಿಯಾಗುತ್ತದೆ. ಗಟಗಟ ಕುಡಿದದ್ದು ಊಟ ಅನ್ನಿಸುವುದಿಲ್ಲ.

ಎಚ್ಚರ: ಬಿಸಿ ಕಾಳನ್ನು ಮಿಕ್ಸಿ ಜಾರಿಗೆ ಹಾಕಿ ಬಿಗಿಯಾಗಿ ಮುಚ್ಚಿ ತಿರುಗಿಸಬೇಡಿ. ಒಳಗಿನ ಆವಿ ಮುಚ್ಚಳವನ್ನು ಎತ್ತಿ ಒಗೆಯುತ್ತದೆ, ಮುಖ ಕೈ ಸುಡುತ್ತದೆ. ತಣಿಸಿಯೇ ರುಬ್ಬಿ. ಅಷ್ಟು ಹೊತ್ತಿಲ್ಲವಾದರೆ ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಕಾಳನ್ನು ಒತ್ತಿ ಹಿಸುಕಿದರೂ ನಡೆಯುತ್ತದೆ.

ಹದ ಎಷ್ಟಿರಬೇಕು? ಸೌಟಿನಿಂದ ಎತ್ತಿ ಬಿಟ್ಟರೆ ಧಾರೆಯಾಗಿ ಬೀಳಬೇಕು, ನೀರಿನಂತೆ ಚಿಮ್ಮಬಾರದು, ಗಂಜಿಯಂತೆ ಮುದ್ದೆಯಾಗಿಯೂ ಬೀಳಬಾರದು. ಗಟ್ಟಿ ಅನ್ನಿಸಿದರೆ ಬಿಸಿನೀರನ್ನೇ ಸೇರಿಸಿ.

7. ಕೊನೆಯ ಐದು ನಿಮಿಷ

ಸೊಪ್ಪು ಹಾಕಿ. ದಂಟಿಗೆ ಮೂರು ನಿಮಿಷ ಸಾಕು, ನುಗ್ಗೆಗೆ ಐದು ಬೇಕು. ಒಲೆ ಆರಿಸಿ, ಉಳಿಸಿಟ್ಟ ಪುಡಿ ಉದುರಿಸಿ.

ಈಗ ರುಚಿ ನೋಡಿ. ಸಪ್ಪೆ ಅನ್ನಿಸಿದ ಕೂಡಲೆ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ. ತಡೆಯಿರಿ, ಮೊದಲು ಅರ್ಧ ನಿಂಬೆಹಣ್ಣು ಹಿಂಡಿ ಕದಡಿ ಮತ್ತೆ ನೋಡಿ. ಅರ್ಧಕ್ಕರ್ಧ ಸಲ ಕೊರತೆ ಇದ್ದದ್ದು ಹುಳಿಯದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಇಲ್ಲಿ ಹೇಳಿದ ಅಳತೆಯಲ್ಲಿ ಒಂದು ಬಟ್ಟಲಿಗೆ ಸುಮಾರು 2 ಗ್ರಾಂ ಬರುತ್ತದೆ, ಅದಕ್ಕಿಂತ ಮೇಲೆ ಹೋಗದಿರಲು ನಿಂಬೆ ಸಹಾಯಕ್ಕೆ ಬರುತ್ತದೆ. ಅದರ ಸಿ ಜೀವಸತ್ವ ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲೂ ನೆರವಾಗುತ್ತದೆ. ಆದರೆ ಒಲೆಯ ಮೇಲೆ ಕುದಿಯುವಾಗ ನಿಂಬೆ ಹಿಂಡಬೇಡಿ, ಕಹಿಯಾಗುತ್ತದೆ.

ಬಟ್ಟಲಿಗೆ ಬಡಿಸಿ, ಮೇಲೆ ಅರ್ಧ ಚಮಚ ತುಪ್ಪ, ಕೊತ್ತಂಬರಿ ಸೊಪ್ಪು.

ಬೇಗ ಆಗಬೇಕಾದ ದಿನ: ಸಿಹಿಗುಂಬಳ, ಮಸೂರ ಬೇಳೆ

ನೆನೆಹಾಕಲು ಮರೆತ ದಿನ ಹುರುಳಿಯನ್ನು ಬಿಟ್ಟು ಕೆಂಪು ಮಸೂರ ಬೇಳೆಗೆ ಬನ್ನಿ. ನೆನೆಸುವುದು ಬೇಡ, ತೆರೆದ ಪಾತ್ರೆಯಲ್ಲೇ ಇಪ್ಪತ್ತು ನಿಮಿಷಕ್ಕೆ ಕರಗುತ್ತದೆ. ನಾಲ್ಕನೇ ಹಂತದಲ್ಲಿ ಹೇಳಿದಂತೆ ಈರುಳ್ಳಿ ಬಾಡಿಸಿ, ಒಂದು ಕಪ್ ಬೇಳೆ, 300 ಗ್ರಾಂ ಸಿಹಿಗುಂಬಳ, ಒಂದು ಕ್ಯಾರೆಟ್, 6 ಕಪ್ ನೀರು ಹಾಕಿ ಬೇಯಿಸಿ, ಕಡೆಗೋಲಿನಿಂದ ಕಡೆಯಿರಿ. ಟರ್ಕಿಯ ಮನೆಗಳಲ್ಲಿ ಮಸೂರ ಬೇಳೆಯ ಸೂಪು ನಿತ್ಯದ ಅಡುಗೆ. ಅವರೂ ಮೇಲಿಂದ ಬೆಣ್ಣೆಯಲ್ಲಿ ಕೆಂಪು ಮೆಣಸಿನ ಪುಡಿ ಬಿಸಿ ಮಾಡಿ ಸುರಿಯುತ್ತಾರೆ, ನಿಂಬೆ ಹಿಂಡುತ್ತಾರೆ. ನಮ್ಮ ಕೈಗೆ ಒಗ್ಗರಣೆ ಹೊಸದಲ್ಲ: ತುಪ್ಪ, ಜೀರಿಗೆ, ಒಂದು ಬ್ಯಾಡಗಿ ಮೆಣಸಿನಕಾಯಿ ಸಾಕು. ಧಾನ್ಯಕ್ಕೆ ಬದಲಾಗಿ ಪಕ್ಕಕ್ಕೆ ಒಂದು ಜೋಳದ ರೊಟ್ಟಿ ಇಟ್ಟುಕೊಳ್ಳಿ.

ಮಾಂಸಾಹಾರಿಗಳಿಗೆ: ಕಾಲು ಸೂಪು ಊಟವಾಗಬೇಕಾದರೆ

ಕಾಲು ಸೂಪಿಗೆ ರುಚಿ ಕಡಿಮೆಯಿಲ್ಲ, ಆದರೆ ಬರೀ ರಸ ಊಟವಾಗುವುದಿಲ್ಲ. ನಾಲ್ಕು ಮೇಕೆ ಕಾಲನ್ನು ಅಂಗಡಿಯಲ್ಲೇ ಸುಟ್ಟು, ಕೆರೆದು, ತುಂಡು ಮಾಡಿಸಿ. ಅರಿಶಿನ ಹಚ್ಚಿ ತೊಳೆದು, ಐದು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಮೇಲೆ ಬಂದ ಕಲ್ಮಶವೆಲ್ಲ ಹೋಗುತ್ತದೆ. ಹೊಸದಾಗಿ ಎರಡು ಲೀಟರ್ ತಣ್ಣೀರು, ಬೆಳ್ಳುಳ್ಳಿ, ಮೆಣಸು, ಅರ್ಧ ಕಪ್ ಬಾರ್ಲಿ ಹಾಕಿ ಕುಕ್ಕರಿನಲ್ಲಿ ಮೊದಲ ವಿಶಲ್ ನಂತರ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕಾಲಿನ ನರ ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ನಿಧಾನವಾದ ಬಿಸಿಗೆ ಕರಗಿ ಜೆಲಾಟಿನ್ ಆಗುತ್ತದೆ. ತುಟಿಗೆ ಅಂಟುವ ಆ ಜಿಗುಟು ಅದರದು. ಫ್ರಿಜ್‌ನಲ್ಲಿಟ್ಟ ರಸ ಮಾರನೆಯ ದಿನ ಹೆಪ್ಪುಗಟ್ಟಿ ಅಲುಗಾಡಿದರೆ ಚೆನ್ನಾಗಿ ಬೆಂದಿದೆ ಎಂದರ್ಥ. ಮೇಲೆ ಕಟ್ಟಿದ ಕೊಬ್ಬಿನ ಪದರ ತೆಗೆದು, ಐದನೇ ಹಂತದ ತರಕಾರಿ ಸೇರಿಸಿ ಬೇಯಿಸಿದರೆ ಪೂರ್ತಿ ಊಟ.

ಇನ್ನೊಂದು ಮಾತು ಕಾಳಿನ ಬಗ್ಗೆ. ಹುರುಳಿಗೆ ಬದಲಾಗಿ ಹೆಸರುಕಾಳು, ಕಡಲೆ, ಅಲಸಂದೆ ಯಾವುದನ್ನಾದರೂ ಬಳಸಿ. ರಾಜ್ಮಾ ಬಳಸಿದರೆ ಮಾತ್ರ ಜೋಪಾನ: ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದಂಶವಿದೆ, ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿಯೇ ಸೂಪಿಗೆ ಹಾಕಬೇಕು. ಕುದಿಯದೆ ಬರೀ ಬೆಚ್ಚಗೆ ಬೇಯಿಸುವ ಸ್ಲೋ ಕುಕ್ಕರಿನಲ್ಲಿ ಹಸಿ ರಾಜ್ಮಾ ಹಾಕಲೇಬಾರದು. ಮೂತ್ರಪಿಂಡದ ಕಾಯಿಲೆಗೆ ಪಥ್ಯದಲ್ಲಿರುವವರು ಕಾಳು, ಸೊಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಿ.

ಉಳಿಸಿಕೊಳ್ಳುವುದು, ಡಬ್ಬಿಗೆ ಒಯ್ಯುವುದು

ವಾರಕ್ಕೆ ಎರಡು ಸಲ ಮಾಡಲು ಸಮಯವಿಲ್ಲದವರು ಎರಡರಷ್ಟು ಮಾಡಿ ಅರ್ಧವನ್ನು ಆರನೇ ಹಂತ ಮುಗಿದ ಕೂಡಲೇ ತೆಗೆದಿಡಿ. ಸೊಪ್ಪು, ನಿಂಬೆ, ತುಪ್ಪ ಹಾಕಿರಬಾರದು. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ನಡುವಿನ ಭಾಗ ಬಹಳ ಹೊತ್ತು ಬೆಚ್ಚಗಿದ್ದು ಹಳಸುತ್ತದೆ. ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮೂರು ದಿನ ಇರುತ್ತದೆ. ಇಟ್ಟಷ್ಟೂ ನವಣೆ, ಕಾಳು ನೀರು ಹೀರಿ ಸೂಪು ಗಟ್ಟಿಯಾಗುತ್ತದೆ. ಬಿಸಿ ಮಾಡುವಾಗ ನೀರು ಬೆರೆಸಿ, ಚೆನ್ನಾಗಿ ಮರಳುವವರೆಗೆ ಕುದಿಸಿ, ಆಮೇಲೆ ಸೊಪ್ಪು ನಿಂಬೆ. ಎಷ್ಟು ಬೇಕೋ ಅಷ್ಟನ್ನೇ ತೆಗೆದು ಬಿಸಿ ಮಾಡಿ, ಇಡೀ ಪಾತ್ರೆಯನ್ನು ದಿನಾ ಬಿಸಿ ಮಾಡಿ ಮತ್ತೆ ಫ್ರಿಜ್‌ಗೆ ಇಡುವುದು ಬೇಡ.

ಆಫೀಸಿಗೆ ಒಯ್ಯುವವರು ಅಗಲ ಬಾಯಿಯ ಫ್ಲಾಸ್ಕಿಗೆ ಮೊದಲು ಕುದಿವ ನೀರು ಹಾಕಿ ಐದು ನಿಮಿಷ ಮುಚ್ಚಿಡಿ. ಆ ನೀರು ಚೆಲ್ಲಿ, ಕುದಿಯುತ್ತಿರುವ ಸೂಪನ್ನೇ ತುಂಬಿಸಿ. ಮಧ್ಯಾಹ್ನದವರೆಗೆ ಒಳಗೆ ಕೂತು ನವಣೆ ಹಿಗ್ಗುವುದರಿಂದ, ಮನೆಯಲ್ಲಿ ಉಣ್ಣುವುದಕ್ಕಿಂತ ಅರ್ಧ ಕಪ್ ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಿಕೊಳ್ಳಿ. ನಿಂಬೆ ಹೋಳನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ಹಿಂಡಿಕೊಳ್ಳಿ.